ಕಾರಿಲ್ಲದೆ, ಬಸ್ಸಲ್ಲೇ ಹೋಗಿ ಕುಮಟಾ–ಗೋಕರ್ಣ ದಂಡೆ ನಡೆಯೋಕೆ ಆಗುತ್ತಾ?

ಗಿರ್ಮಿಟ್_ಹುಬ್ಬಳ್ಳಿ
ನಮಸ್ಕಾರ ಎಲ್ಲರಿಗೂ. ಹೋದ ವರ್ಷ ತಮ್ಮನ ಕಾರಲ್ಲಿ ಗೋಕರ್ಣಕ್ಕೆ ಹೋಗಿದ್ದೆವು. ಓಂ ಬೀಚ್ ಮೇಲೆ ಕಾರು ನಿಲ್ಲಿಸಿ, ಹಾಫ್ ಮೂನ್ ದಾಟಿ ಪ್ಯಾರಡೈಸ್‌ವರೆಗೆ ನಡೆದೆವು. ಹೋಗುವಾಗ ಸ್ವರ್ಗ. ಬರುವಾಗ ಅದೇ ಗುಡ್ಡ, ಅದೇ ಬಂಡೆ, ನೆತ್ತಿ ಮೇಲೆ ಬಿಸಿಲು. ಯಾಕೆ ಅದೇ ದಾರೀಲಿ ವಾಪಸ್ ಬಂದೆವು? ಕಾರು ಅಲ್ಲಿತ್ತಲ್ಲ, ಅದಕ್ಕೆ!

ಈ ಡಿಸೆಂಬರ್‌ನಲ್ಲಿ ಮೂರು ಜನ ಹೆಂಗಸರು ಹೊರಟಿದ್ದೇವೆ. ನಾನು, ನಾದಿನಿ, ನಮ್ಮ ಚಿಗವ್ವ. ಚಿಗವ್ವನಿಗೆ 61. ಕಾಲಿನ ಚಿಂತೆ ಇಲ್ಲ, ದಿನಾ ಬೆಳಗ್ಗೆ ನೃಪತುಂಗ ಬೆಟ್ಟ ಹತ್ತಿ ಇಳಿಯುತ್ತಾಳೆ. ಕುಮಟಾದಿಂದ ದಂಡೆ ಹಿಡಿದು ಗೋಕರ್ಣದವರೆಗೆ ಎರಡು ದಿನದಲ್ಲಿ ನಡೆಯಬೇಕು ಅಂತ ಆಸೆ. ಹುಬ್ಬಳ್ಳಿಯಿಂದ ಬಸ್ಸಲ್ಲಿ ಹೋಗಿ, ಬಸ್ಸಲ್ಲೇ ವಾಪಸ್. ನಡುವೆ ಸುಸ್ತಾದರೆ ಬಸ್ಸು ಸಿಗುವಂಥ ಊರುಗಳು ಇವೆಯಾ? ದಾರಿ ಗೊತ್ತಾಗುತ್ತಾ?

ಒಂದೇ ತೊಡಕು. ಚಿಗವ್ವ ದೋಣಿ ಹತ್ತೋದಿಲ್ಲ. ಯಾಕೆ ಅಂತ ಕೇಳಬೇಡಿ, ನಮಗೂ ಹೇಳಿಲ್ಲ.

ವಸ್ತಿ_ಬಸ್ಸು
ಆಗುತ್ತೆ. ಕಾರಿಗಿಂತ ಸುಲಭ.

ಕಾಗಾಲದವ
ನಮ್ಮೂರ ಮೇಲೇ ಹಾದು ಹೋಗುತ್ತೀರಿ, ಹಾಗಾಗಿ ನಾನೇ ಹೇಳುತ್ತೇನೆ.

ಮೊದಲು ಒಂದು ಮಾತು. ಇದು ಬಣ್ಣ ಬಳಿದು ಬಾಣದ ಗುರುತು ಹಾಕಿದ ದಾರಿ ಅಲ್ಲ. ಮೀನಿಗೆ ಹೋಗುವವರು, ದನ ಮೇಯಿಸುವವರು, ಸೊಪ್ಪು ತರುವವರು ತುಳಿದ ಕಾಲುದಾರಿಗಳು. ಒಂದು ಕಡೆ ಹೊಯ್ಗೆ (ಮರಳು), ಆಮೇಲೆ ಕಡಲಿಗೆ ಚಾಚಿದ ಗುಡ್ಡ, ಗುಡ್ಡ ಇಳಿದರೆ ಮತ್ತೆ ಹೊಯ್ಗೆ. ಇದೇ ಲೆಕ್ಕ. ಗುಡ್ಡದ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಮಳೆಗಾಲ ಮುಗಿದ ಮೇಲೆ ಎದೆಮಟ್ಟದ ಒಣ ಹುಲ್ಲು. ಉದ್ದ ಪ್ಯಾಂಟು ಹಾಕಿ.

ಮೊದಲ ದಿನ: ಕುಮಟಾ ಬಸ್ ಸ್ಟ್ಯಾಂಡಿನಿಂದ ದಂಡೆಗೆ ಬಂದು ಬಡಗು (ಉತ್ತರ) ಮುಖ ಮಾಡಿ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ, ಕೊನೆಗೆ ಅಘನಾಶಿನಿ. ಕಡಲು ಯಾವಾಗಲೂ ಎಡಗಡೆ ಇರಬೇಕು. ಬಲಗಡೆ ಬಂದರೆ ನೀವು ಹೊನ್ನಾವರಕ್ಕೆ ಹೊರಟಿದ್ದೀರಿ ಅಂತ ಅರ್ಥ. ಸುಸ್ತಾದರೆ ದಂಡೆ ಬಿಟ್ಟು ಬಲಕ್ಕೆ ಊರೊಳಗೆ ನಡೆಯಿರಿ. ಕುಮಟಾ–ಅಘನಾಶಿನಿ ಬಸ್ಸು ಹೋಗುವ ರಸ್ತೆ ಸಿಗುತ್ತದೆ. ಬಾಡದಲ್ಲಿ ಕಾಂಚಿಕಾಂಬೆ ದೇವಸ್ಥಾನ ಇದೆ, ನೆರಳು ನೀರು ಎರಡೂ ಸಿಗುತ್ತವೆ.

ಎರಡನೇ ದಿನ: ಅಘನಾಶಿನಿಯಿಂದ ಹೊಳೆ ದಾಟಿ ತದಡಿ. ಅಲ್ಲಿಂದ ಬೆಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಗೋಕರ್ಣ. ಇದು ಮೊದಲ ದಿನಕ್ಕಿಂತ ಗಿಡ್ಡ, ಆದರೆ ಹತ್ತಿ ಇಳಿಯೋದು ಜಾಸ್ತಿ.

ಹೊಳೆ ದಾಟಲು ಬಾರ್ಜ್ ಇದೆ. ಅದು ದೋಣಿ ಅಲ್ಲ ಅಂತ ಚಿಗವ್ವನಿಗೆ ಹೇಳಿ ನೋಡಿ.

ಗಿರ್ಮಿಟ್_ಹುಬ್ಬಳ್ಳಿ
ಹೇಳಿದೆ. "ನೀರಿನ ಮ್ಯಾಲೆ ತೇಲೂದೆಲ್ಲಾ ದೋಣೀನ" ಅಂದಳು.

ಕಾಗಾಲದವ
ಹಾಗಾದರೆ ಅಘನಾಶಿನಿಯಿಂದ ಬಸ್ಸಲ್ಲಿ ವಾಪಸ್ ಕುಮಟಾ. ಅಲ್ಲಿಂದ ಹೆದ್ದಾರಿ ಹಿಡಿದು ಮಿರ್ಜಾನ್, ಮಾದನಗೇರಿ ಕ್ರಾಸ್, ಗೋಕರ್ಣ. ಆಮೇಲೆ ತದಡಿಗೆ. ಎದುರಿಗೆ ಕಾಣುವ ದಂಡೆಗೆ ಅರ್ಧ ದಿನ ಸುತ್ತಾಟ.

ಸಿಲ್ಕ್_ಬೋರ್ಡ್_ಸಂತ
ಎಲ್ಲರೂ ಬಸ್ ಬಸ್ ಅಂತ ಹುರುಪು ತುಂಬುತ್ತಿದ್ದೀರಿ. ನನ್ನ ಅನುಭವ ಕೇಳಿ. ನಾಲ್ಕು ವರ್ಷದ ಹಿಂದೆ ಇದೇ ಕರಾವಳಿಯ ಒಂದು ಹಳ್ಳಿಯಲ್ಲಿ "ಆರೂವರೆಗೆ ಕೊನೇ ಬಸ್ಸು" ಅಂತ ಅಂಗಡಿಯವರು ಹೇಳಿದರು. ಏಳಾಯಿತು, ಏಳೂವರೆ ಆಯಿತು. ಆಮೇಲೆ ಗೊತ್ತಾಯಿತು, ಅವತ್ತು ಭಾನುವಾರ, ಶಾಲೆಗೆ ರಜೆ ಇದ್ದ ದಿನ ಆ ಬಸ್ಸು ಬರೋದೇ ಇಲ್ಲ. ಕತ್ತಲಲ್ಲಿ ಮೂರು ಕಿಲೋಮೀಟರ್ ನಡೆದು, ಮೀನಿನ ಟೆಂಪೋ ಹತ್ತಿ ಹೆದ್ದಾರಿ ತಲುಪಿದೆ. ಅಂಗಿ ನಾಲ್ಕು ಸಲ ಒಗೆದರೂ ವಾಸನೆ ಹೋಗಲಿಲ್ಲ. ಹೆಂಗಸರು, ಅದರಲ್ಲೂ ವಯಸ್ಸಾದವರು ಇರುವಾಗ ಬಾಡಿಗೆ ಕಾರು ಮಾಡಿಕೊಂಡು ಹೋಗಿ. ಸುಮ್ನೆ ರಿಸ್ಕ್ ಯಾಕೆ?

ವಸ್ತಿ_ಬಸ್ಸು
ಸಂತರೇ, ಕಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ಹೇಳಿಬಿಡಿ. ಕುಮಟಾದಲ್ಲಾ, ಅಘನಾಶಿನಿಯಲ್ಲಾ, ಗೋಕರ್ಣದಲ್ಲಾ?

ಅವರು ಮೊದಲ ಪೋಸ್ಟಿನಲ್ಲೇ ಹೇಳಿದ್ದಾರೆ. ಕಾರು ಇದ್ದರೆ ಕಾರಿನ ಹತ್ತಿರಕ್ಕೇ ವಾಪಸ್ ಬರಬೇಕು. ದಂಡೆ ಅಂದರೆ ಉದ್ದಕ್ಕೆ ಎಳೆದ ಗೆರೆ. ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯಲ್ಲಿ ಹತ್ತಬೇಕು. ಅದಕ್ಕೆ ಬಸ್ಸೇ ಸರಿ. ದುಡ್ಡಿಲ್ಲ ಅಂತಲ್ಲ ನಾನು ಬಸ್ಸಲ್ಲಿ ಹೋಗೋದು.

ನಿಮ್ಮ ಭಾನುವಾರದ ಕಥೆ ಮಾತ್ರ ನಿಜ. ಅಂಗಡಿಯವರನ್ನು ಕೇಳಬೇಡಿ, ಬೆಳಗ್ಗೆ ಹತ್ತಿದ ಬಸ್ಸಿನ ಕಂಡಕ್ಟರನ್ನೇ ಕೇಳಿ. "ಸಂಜೆ ವಾಪಸ್ ಎಷ್ಟಕ್ಕೆ, ಇವತ್ತು ಬರುತ್ತಾ" ಅಂತ. ಎಷ್ಟೋ ಸಲ ಸಂಜೆಯೂ ಅವರೇ ಇರುತ್ತಾರೆ, ನಿಮ್ಮ ಮುಖ ನೆನಪಿಟ್ಟುಕೊಂಡಿರುತ್ತಾರೆ. ಮತ್ತೆ ಕೊನೇ ಬಸ್ಸನ್ನು ಎಂದೂ ನಂಬಬಾರದು. ಅದರ ಹಿಂದಿನದ್ದಕ್ಕೆ ಲೆಕ್ಕ ಹಾಕಬೇಕು. ಕೊನೇದು ಇರೋದು ತಪ್ಪಿಸಿಕೊಂಡವರಿಗೆ.

ಸಿಲ್ಕ್_ಬೋರ್ಡ್_ಸಂತ
ಒಪ್ಪಿದೆ. ಆದರೂ ಮೀನಿನ ಟೆಂಪೋ ಮರೆಯಲಾರೆ.

ಬಲೆ_ಮನೆ
ಇಷ್ಟೆಲ್ಲಾ ಬಸ್ಸಿನ ಟೈಮ್ ಮಾತಾಡಿದಿರಿ, ನೀರಿನ ಟೈಮ್ ಒಬ್ಬರೂ ಕೇಳಲಿಲ್ಲ. ನಮ್ಮದು ಹೊನ್ನಾವರ ಕಡೆ, ಮೂರು ತಲೆಮಾರಿನಿಂದ ಮೀನುಗಾರಿಕೆ.

ಗುಡ್ಡದ ಬುಡದ ಬಂಡೆಗಳನ್ನು ದಾಟುವ ಜಾಗಗಳಿವೆ. ಇಳಿತದಲ್ಲಿ ಅಲ್ಲಿ ಆರಾಮವಾಗಿ ನಡೆಯಬಹುದು. ಉಬ್ಬರದಲ್ಲಿ ಅದೇ ಬಂಡೆಗೆ ತೆರೆ ಬಂದು ಬಡಿಯುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತಾ ಹೋಗುತ್ತದೆ, 50 ನಿಮಿಷ ಅನ್ನಿ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ನಮ್ಮ ಕಡೆ ಹುಣ್ಣಿಮೆ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ನೀರು ತುಂಬಿರುತ್ತದೆ, ಸಂಜೆ ಐದರ ಹೊತ್ತಿಗೆ ಇಳಿದಿರುತ್ತದೆ. ನಡೆಯುವವರಿಗೆ ಅದು ಬೇಡ, ಸಂಜೆ ಇಳಿತ ಸಿಕ್ಕರೆ ಕತ್ತಲಾಗುತ್ತದೆ, ಬಸ್ಸೂ ಹೋಗಿರುತ್ತದೆ.

ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ನಾಲ್ಕೈದನೇ ದಿನ ಹೊರಡಿ. ಆಗ ಬೆಳಗ್ಗೆ ಎಂಟು ಒಂಬತ್ತಕ್ಕೆ ಇಳಿತ. ತಂಪು ಹೊತ್ತಲ್ಲೇ ಬಂಡೆ ಎಲ್ಲಾ ದಾಟಿ ಮುಗಿಯುತ್ತದೆ. ಇದು ಅಂದಾಜು ಲೆಕ್ಕ, ಕಾರವಾರದ ಉಬ್ಬರ-ಇಳಿತದ ಪಟ್ಟಿ ಫೋನಲ್ಲೇ ಸಿಗುತ್ತದೆ, ಅದನ್ನೂ ನೋಡಿಕೊಳ್ಳಿ. ಹಸಿರು ಪಾಚಿ ಕಟ್ಟಿದ ಬಂಡೆ ಮೇಲೆ ಕಾಲಿಡಬೇಡಿ. ಕಪ್ಪು ಬಂಡೆ ಮೇಲಿನ ಚಿಪ್ಪು ಕಾಲು ಕೊಯ್ಯುತ್ತದೆ, ಆದರೆ ಜಾರೋದಿಲ್ಲ.

ಗಿರ್ಮಿಟ್_ಹುಬ್ಬಳ್ಳಿ
ಇದನ್ನು ಯಾವ ವಿಡಿಯೋದವರೂ ಹೇಳಿರಲಿಲ್ಲ. ಚಿಗವ್ವ ಈಗಲೇ ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸಿಕೊಂಡು ಕೂತಿದ್ದಾಳೆ. ತಿಥಿ ನೋಡಿ ಟ್ರೆಕ್ಕಿಂಗ್ ಹೋಗೋದು ನಮ್ಮ ಮನೇಲೇ ಮೊದಲು.

ಬಲೆ_ಮನೆ
ತಿಥಿ ನೋಡದೆ ಕಡಲಿಗೆ ಇಳಿಯೋದು ಪೇಟೆಯವರು ಮಾತ್ರ.

ಗಂಡಸ್ರಿಗೆ_ಸೀಟ್_ಎಲ್ಲಿ
ಮೂವರೂ ಹೆಂಗಸರು, ಹುಬ್ಬಳ್ಳಿಯಿಂದ ಕುಮಟಾ ಫ್ರೀ, ಗೋಕರ್ಣದಿಂದ ಹುಬ್ಬಳ್ಳಿ ಫ್ರೀ. ನಾವು ಟಿಕೆಟ್ ತಗೊಂಡು ನಿಂತುಕೊಂಡು ಹೋಗ್ತೀವಿ. ನಡೀಲಿ.

ಗಿರ್ಮಿಟ್_ಹುಬ್ಬಳ್ಳಿ
ಹೌದು, ಫ್ರೀ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡೇ ಹೋಗ್ತೀವಿ. ಶಕ್ತಿ ಯೋಜನೆ ಬಂದ 2023ರ ಜೂನ್‌ಗೆ ಮೊದಲು ನಮ್ಮ ಚಿಗವ್ವ ಒಬ್ಬಳೇ ಧಾರವಾಡ ದಾಟಿದ್ದು ನಾನು ನೋಡಿರಲಿಲ್ಲ. ಈಗ ಧರ್ಮಸ್ಥಳ, ಶಿರಸಿ, ಬನವಾಸಿ ಎಲ್ಲಾ ಸುತ್ತಿ ಬಂದಿದ್ದಾಳೆ. ಅರ್ಧ ಸೀಟು ಗಂಡಸರಿಗೆ ಅಂತ ನಿಯಮ ಇದೆ, ಕಂಡಕ್ಟರನ್ನು ಕೇಳಿ.

ಗಂಡಸ್ರಿಗೆ_ಸೀಟ್_ಎಲ್ಲಿ
ನಿಯಮ ಇದೆ. ಕೇಳೋಕೆ ಧೈರ್ಯ ಬೇಕಲ್ಲ.

ಮತ್ತು_ಗುಳ್ಳ
ಈ ಜಗಳ ಉಡುಪಿಯಲ್ಲಿ ಇಲ್ಲ ನೋಡಿ. ನಮ್ಮಲ್ಲಿ ಹೆಚ್ಚು ಓಡೋದು ಖಾಸಗಿ ಬಸ್ಸು, ಅದರಲ್ಲಿ ಎಲ್ಲರಿಗೂ ಟಿಕೆಟ್. ಆದರೆ ಹತ್ತು ನಿಮಿಷ ನಿಂತರೆ ಒಂದು ಬರುತ್ತೆ. ದಂಡೆ ನಡಿಗೆಗೆ ಉತ್ತರ ಕನ್ನಡವೇ ಯಾಕೆ ಬೇಕು ಅಂತ ನನ್ನ ಪ್ರಶ್ನೆ.

ಕಾಪುವಿನಲ್ಲಿ ಬಸ್ ಇಳಿದು ಲೈಟ್‌ಹೌಸ್ ಹತ್ತಿರ ಬನ್ನಿ. 1901ರ ಲೈಟ್‌ಹೌಸ್, ಬಂಡೆ ಮೇಲೆ ನಿಂತಿದೆ. ಅಲ್ಲಿಂದ ಬಡಗು ದಿಕ್ಕಿಗೆ ನಡೆದರೆ ಮಟ್ಟು, ಆಮೇಲೆ ಪಡುಕೆರೆ, ಸೇತುವೆ ದಾಟಿದರೆ ಮಲ್ಪೆ. ನಡುವೆ ಹೊಳೆ ದಾಟುವ ರಗಳೆ ಇಲ್ಲ. ಉದ್ಯಾವರ ಹೊಳೆ ಕಡಲಿನ ಹತ್ತಿರ ಬಂದು, ಸೇರದೆ, ದಂಡೆಯ ಪಕ್ಕದಲ್ಲೇ ಬಡಗಿಗೆ ಹರಿದು ಮಲ್ಪೆಯಲ್ಲಿ ಕಡಲಿಗೆ ಬೀಳುತ್ತೆ. ಹಾಗಾಗಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ನೀವು ಮತ್ತು ತೆಂಗಿನ ಮರ. ಚಿಗವ್ವನಿಗೆ ಹೇಳಿ ಮಾಡಿಸಿದ ದಾರಿ. ಮಟ್ಟುವಿನಲ್ಲಿ ಗುಳ್ಳ ಬದನೆ ಕೊಳ್ಳಲು ಮರೆಯಬೇಡಿ. ಮಲ್ಪೆಯಿಂದ ಉಡುಪಿಗೆ ಬಸ್ಸಿಗೆ ಬರವೇ ಇಲ್ಲ.

ಕಾಗಾಲದವ
ಅದು ನಡಿಗೆ ಅಲ್ಲ, ವಾಕಿಂಗ್. ಗುಡ್ಡ ಎಲ್ಲಿದೆ?

ಮತ್ತು_ಗುಳ್ಳ
ಗುಡ್ಡ ಇಲ್ಲದ್ದೇ ಅದರ ಚಂದ ಮಾರಾಯ್ರೇ. ಮಲ್ಪೆಯಿಂದ ಇನ್ನೂ ಬಡಗಿಗೆ ಹೋದರೆ ಹೂಡೆ, ಕೋಡಿ ಬೆಂಗ್ರೆ. ಸ್ವರ್ಣೆ, ಸೀತೆ ಎರಡೂ ಹೊಳೆ ಒಟ್ಟಾಗಿ ಅಲ್ಲಿ ಕಡಲು ಸೇರುತ್ತವೆ. ವಾಪಸ್ ಉಡುಪಿಗೆ ಬಸ್ಸಿದೆ.

ಬೆವರು_ಸುರೇಶ
ಗುಡ್ಡ ಇಲ್ಲದಿದ್ದರೂ ಮೆದು ಹೊಯ್ಗೆಯಲ್ಲಿ ಹತ್ತು ಕಿ.ಮೀ. ನಡೆದು ನೋಡಿ, ಮೀನಖಂಡ ಮಾತಾಡುತ್ತೆ. ಅಲ್ಲೂ ಇಳಿತ ನೋಡಿಯೇ ಹೋಗಬೇಕು. ನೀರು ಇಳಿದಾಗ ಒದ್ದೆ ಹೊಯ್ಗೆ ರಸ್ತೆಯ ಹಾಗೆ ಗಟ್ಟಿ ಇರುತ್ತೆ.

ಕಾರ್ಡಿಫ್_ಕನ್ನಡಿಗ
ನಾನಿರುವುದು ವೇಲ್ಸ್‌ನಲ್ಲಿ. ಇಲ್ಲಿ ಇಡೀ ದೇಶದ ಕರಾವಳಿಗೆ ಒಂದೇ ಕಾಲುದಾರಿ ಇದೆ, ಸುಮಾರು 1,400 ಕಿ.ಮೀ., 2012ರಲ್ಲಿ ತೆರೆದರು. ಉದ್ದಕ್ಕೂ ಚಿಪ್ಪಿನ ಗುರುತಿನ ಫಲಕ. ನನಗೆ ಜಾಸ್ತಿ ಇಷ್ಟವಾಗಿದ್ದು ಬಸ್ಸು. ಪೆಂಬ್ರೋಕ್‌ಶೈರ್ ಕಡೆ ನಡೆಯುವವರನ್ನು ಲೆಕ್ಕದಲ್ಲಿಟ್ಟುಕೊಂಡೇ ದಂಡೆ ಉದ್ದಕ್ಕೂ ಪುಟ್ಟ ಬಸ್ಸು ಓಡಿಸುತ್ತಾರೆ. ಪಫಿನ್ ಶಟಲ್, ಪಾಪಿಟ್ ರಾಕೆಟ್ ಅಂತೆಲ್ಲಾ ಹೆಸರು. ಹಳ್ಳಿ ರಸ್ತೆಯಲ್ಲಿ ಸ್ಟಾಪೇ ಬೇಕಿಲ್ಲ, ಕೈ ಅಡ್ಡ ಮಾಡಿದರೆ ನಿಲ್ಲಿಸುತ್ತಾರೆ! ನಮ್ಮಲ್ಲಿ ಇಂಥದ್ದು ಯಾವಾಗ ಬರುತ್ತೋ.

ವಸ್ತಿ_ಬಸ್ಸು
ಕೈ ಮಾಡಿದರೆ ನಿಲ್ಲಿಸೋದು ನಮ್ಮಲ್ಲಿ ಮೊದಲಿಂದಲೂ ಇದೆ ಸ್ವಾಮಿ. ರಾಕೆಟ್ ಅಂತ ಹೆಸರಿಟ್ಟಿಲ್ಲ ಅಷ್ಟೆ.

ಕಾರ್ಡಿಫ್_ಕನ್ನಡಿಗ
ಹ್ಹ ಹ್ಹ, ಸೋತೆ. ಆದರೆ ಫಲಕದ ಮಾತು ಬಿಡಲ್ಲ. ದಾರಿಗೆ ಗುರುತು ಹಾಕಿದರೆ ಊರಿನವರು ಚಾ ಅಂಗಡಿ ಇಡುತ್ತಾರೆ, ಮನೇಲಿ ರೂಮು ಕೊಡುತ್ತಾರೆ.

ಬಲೆ_ಮನೆ
ಗುರುತು ಹಾಕಿದರೆ ಜನ ಬರುತ್ತಾರೆ, ಜನ ಬಂದರೆ ಬಾಟಲಿ ಬರುತ್ತದೆ. ಚಳಿಗಾಲದಲ್ಲಿ ನಮ್ಮ ಹೊಯ್ಗೆಯಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ. ರಾತ್ರಿ ಟಾರ್ಚ್ ಬಿಟ್ಟುಕೊಂಡು, ಬೆಂಕಿ ಹಾಕಿಕೊಂಡು ಕೂರುವ ಗುಂಪುಗಳನ್ನು ಅಟ್ಟಿ ಸಾಕಾಗಿದೆ. ಫಲಕ ಆಮೇಲೆ, ಮೊದಲು ಬುದ್ಧಿ.

ಕಾಗಾಲದವ
ಇದಕ್ಕೆ ಅರ್ಧ ಒಪ್ಪುತ್ತೇನೆ. ನಮ್ಮ ತೊಂದರೆ ಬೇರೆ. ಹಳೇ ಕಾಲುದಾರಿಗೆ ಅಡ್ಡ ಬೇಲಿ ಬೀಳುತ್ತಿದೆ. ಒಂದು ಗುಡ್ಡದಲ್ಲಿ ನನ್ನ ಅಜ್ಜಿ ಸೊಪ್ಪಿಗೆ ಹೋಗುತ್ತಿದ್ದ ದಾರಿಗೇ ಒಂದು ರೆಸಾರ್ಟಿನವರು ಗೇಟು ಹಾಕಿದ್ದಾರೆ. ಕೇಳಿದರೆ "ಗೆಸ್ಟ್ ಓನ್ಲಿ" ಅಂದ ವಾಚ್‌ಮನ್. ದಾರಿ ಅಂತ ಎಲ್ಲಾದರೂ ಬರೆದಿಟ್ಟಿದ್ದರೆ ತಾನೇ ಕೇಳೋಕೆ ಆಗೋದು? ಬೇಲಿ ಸಿಕ್ಕಿದ ಕಡೆ ಇಳಿತ ನೋಡಿಕೊಂಡು ಕೆಳಗಿನಿಂದ ಹೋಗಿ. ಉಬ್ಬರದ ಗೆರೆಯಿಂದ ಕೆಳಗೆ ಯಾರ ಗೇಟೂ ಇಲ್ಲ.

ಎಳ್ಳು_ಮರಳು
ಕಾರವಾರದವರು ಯಾರೂ ಬಂದಿಲ್ವಾ ಇಲ್ಲಿ? ಸಮಯ ಕಡಿಮೆ ಇದ್ದರೆ ತಿಳ್‌ಮಾತಿ ಹೋಗಿ. ಕಾರವಾರದಿಂದ ಮಾಜಾಳಿ ಬಸ್ಸು, ದಂಡೆಯ ಬಡಗು ತುದಿಗೆ ನಡೆದು ಗುಡ್ಡ ಹತ್ತಿ ಇಳಿದರೆ ಕಪ್ಪು ಮರಳು. ತಿಳ್ ಅಂದರೆ ಕೊಂಕಣಿಯಲ್ಲಿ ಎಳ್ಳು. ಕೈಯಲ್ಲಿ ತೆಗೆದುಕೊಂಡರೆ ಹಾಗೇ ಕಾಣುತ್ತೆ. ಆಚೆ ಗುಡ್ಡ ದಾಟಿದರೆ ಗೋವಾ.

2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತಲ್ಲ, ಅದಕ್ಕೆ ಬಸ್ಸು ಹೋಗಲ್ಲ ಅಂದುಕೊಂಡವರು ಇದ್ದಾರೆ. ಹೊಸ ಸೇತುವೆ ಮೇಲೆ ಹೋಗುತ್ತೆ.

ಬೆವರು_ಸುರೇಶ
ಮಳೆಗಾಲದಲ್ಲಿ ಹೇಗೆ? ಹಸಿರು ಚೆನ್ನಾಗಿರುತ್ತಲ್ಲ, ಜುಲೈಗೆ ಪ್ಲಾನ್ ಮಾಡ್ತಿದ್ದೀನಿ.

ಬಲೆ_ಮನೆ
ಬೇಡ.

ಕಾಗಾಲದವ
ಬೇಡವೇ ಬೇಡ. ನಾವೇ ಜೂನ್, ಜುಲೈ ಎರಡು ತಿಂಗಳು ಕಡಲಿಗೆ ಮುಖ ಹಾಕೋದಿಲ್ಲ. ಹೊಯ್ಗೆಯನ್ನೇ ಕಡಲು ತಿಂದಿರುತ್ತದೆ, ನಡೆಯೋಕೆ ದಂಡೆಯೇ ಇರಲ್ಲ. 2024ರ ಜುಲೈಯಲ್ಲಿ ಅಂಕೋಲೆ ಹತ್ತಿರ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮೇಲೇ ಬಿದ್ದಿದ್ದು ನೆನಪಿಲ್ವಾ? ನವೆಂಬರಿನಿಂದ ಫೆಬ್ರವರಿ. ಮಾರ್ಚಿನಲ್ಲಿ ಬಂದರೆ ಗುಡ್ಡದ ಮುರಕಲ್ಲು ಕಾದ ಕಾವಲಿ.

ಉಪ್ಪಿನಕಾಯಿ_ಭಟ್ಟ
ಯಾರೂ ಊಟದ ಮಾತೇ ಎತ್ತಿಲ್ಲ, ಇದೆಂಥ ಚರ್ಚೆ. ಅಘನಾಶಿನಿ ಹೊಳೆಯ ಬಾಯಲ್ಲಿ ಬೆಳಚು (ಚಿಪ್ಪುಮೀನು) ತೆಗೆಯೋದನ್ನು ನೋಡಿ, ಸೊಂಟಮಟ್ಟ ನೀರಲ್ಲಿ ನಿಂತು ಹೆಕ್ಕುತ್ತಾರೆ. ಅಣೆಕಟ್ಟು ಇಲ್ಲದ ಹೊಳೆ, ಅದಕ್ಕೇ ಅಳಿವೆ ಇನ್ನೂ ಜೀವಂತ ಇದೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಉಪ್ಪುನೀರಲ್ಲಿ ಬೆಳೆಯುವ ಕಗ್ಗ ಭತ್ತ ಅಲ್ಲಿಯದೇ. ಸಾಣಿಕಟ್ಟಾ ಉಪ್ಪಿನ ಗದ್ದೆ ಗೋಕರ್ಣದ ಬಸ್ಸಿನ ಕಿಟಕಿಯಿಂದಲೇ ಕಾಣುತ್ತೆ. ನಾನು ಬೆಳಚು ತಿನ್ನುವವನಲ್ಲ, ಆದರೆ ಆ ಉಪ್ಪು ಇಲ್ಲದೆ ನಮ್ಮನೆ ಅಪ್ಪೆಮಿಡಿ ಇಲ್ಲ.

ಮತ್ತು_ಗುಳ್ಳ
ಮಿಡಿಯ ಮಾತು ಶುರುವಾದರೆ ಈ ಚರ್ಚೆ ಮುಗಿಯಲ್ಲ, ಬಿಟ್ಟುಬಿಡಿ ಭಟ್ರೇ.

ಗಿರ್ಮಿಟ್_ಹುಬ್ಬಳ್ಳಿ
ಹೋಗಿ ಬಂದೆವು! ವರದಿ ಒಪ್ಪಿಸುತ್ತೇನೆ.

ಹುಣ್ಣಿಮೆ ಕಳೆದು ನಾಲ್ಕನೇ ದಿನಕ್ಕೆ ಸರಿಯಾಗಿ ಮುಹೂರ್ತ ಇಟ್ಟಳು ಚಿಗವ್ವ. ಹಿಂದಿನ ದಿನ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆ ಮೇಲೆ ಕುಮಟಾ ತಲುಪಿ ಅಲ್ಲೇ ಉಳಿದೆವು. ಬೆಳಗ್ಗೆ ಆರೂವರೆಗೆ ದಂಡೆಯಲ್ಲಿದ್ದೆವು. ನೀರು ಹೇಳಿದ ಹಾಗೇ ಇಳಿಯುತ್ತಿತ್ತು. ಬಲೆ ಮನೆಯವರಿಗೆ ದೊಡ್ಡ ನಮಸ್ಕಾರ. ಕಡ್ಲೆಯ ನಂತರದ ಗುಡ್ಡದಲ್ಲಿ ದಾರಿ ತಪ್ಪಿ ಮುಳ್ಳಿನ ಪೊದೆಯೊಳಗೆ ಹೊಕ್ಕೆವು. ದನ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಬೈದು ಸರಿ ದಾರಿ ತೋರಿಸಿದರು. ಬಾಡದಲ್ಲಿ ನಾದಿನಿ ಕೈ ಎತ್ತಿದಳು, ಚಪ್ಪಲಿ ಕಡಿದು ಹುಣ್ಣಾಗಿತ್ತು. ಅವಳು ರಸ್ತೆಗೆ ಹೋಗಿ ಬಸ್ಸು ಹತ್ತಿದಳು, ನಾವಿಬ್ಬರು ನಡೆದೆವು. ಅಘನಾಶಿನಿ ತಲುಪಿದಾಗ ನಮಗಿಂತ ಎರಡು ಗಂಟೆ ಮೊದಲೇ ಬಂದು ಸೋಡಾ ಕುಡಿದು ಕಟ್ಟೆ ಮೇಲೆ ಮಲಗಿದ್ದಳು. ಕಾರಾಗಿದ್ದರೆ ಅವಳಿಗಾಗಿ ಎಲ್ಲರೂ ವಾಪಸ್ ಹೋಗಬೇಕಿತ್ತು. ಫೋನಿನ ಲೆಕ್ಕದಲ್ಲಿ ಹದಿನಾಲ್ಕು ಕಿ.ಮೀ. ಚಿಲ್ಲರೆ, ಮುಳ್ಳಿನ ಪೊದೆ ಸೇರಿಸಿ.

ಇನ್ನು ಬಾರ್ಜ್. ಚಿಗವ್ವ ಕಟ್ಟೆ ಮೇಲೆ ಕೂತು ಎದ್ದೇಳಲೇ ಇಲ್ಲ. ಕುಮಟಾ ಬಸ್ಸು ಎಷ್ಟಕ್ಕೆ ಅಂತ ಕೇಳುತ್ತಿದ್ದೆ, ಅಷ್ಟರಲ್ಲಿ ಬಾರ್ಜಿಗೆ ನಾಲ್ಕು ಬೈಕು, ಒಂದು ಸ್ಕೂಟರು, ಮೀನಿನ ಬುಟ್ಟಿ ಹಿಡಿದ ಹೆಂಗಸರು ಹತ್ತಿದರು. ಆ ಹೆಂಗಸರಲ್ಲಿ ಒಬ್ಬರು ತಿರುಗಿ "ಬರ್ತಿರೋ ಇಲ್ವೋ" ಅಂತ ಗದರಿಸಿದರು. ಚಿಗವ್ವ ಸ್ಕೂಟರನ್ನೇ ನೋಡಿದಳು. "ಅಷ್ಟು ಕಬ್ಬಿಣ ಹೊರತದಂದ್ರ ನನ್ನ ಹೊರೂದಿಲ್ಲೇನು" ಅಂದು ಹತ್ತೇಬಿಟ್ಟಳು. ಆಚೆ ದಂಡೆವರೆಗೂ ಸ್ಕೂಟರಿನ ಹ್ಯಾಂಡಲ್ ಬಿಡಲಿಲ್ಲ. ಅದರ ಹುಡುಗ ಪಾಪ ಇಳಿಯೋಕೆ ಕಾಯುತ್ತಾ ನಿಂತಿದ್ದ.

ರಾತ್ರಿ ತದಡಿಯಿಂದ ಗೋಕರ್ಣಕ್ಕೆ ಹೋಗಿ ಉಳಿದು, ಬೆಳಗ್ಗೆ ಮತ್ತೆ ಬಂದು ಬೆಲೆಕಾನದಿಂದ ನಡೆದೆವು. ಪ್ಯಾರಡೈಸ್‌ನಲ್ಲಿ ನಾವು ಮೂವರೇ, ಮತ್ತೆ ಎರಡು ನಾಯಿ. ಕುಡ್ಲೆ ಹತ್ತಿ ಇಳಿದು ಗೋಕರ್ಣ ಪೇಟೆ ಸೇರಿದಾಗ ಮಧ್ಯಾಹ್ನ ಒಂದೂವರೆ. ಹುಬ್ಬಳ್ಳಿ ಬಸ್ಸಲ್ಲಿ ಸೀಟು ಸಿಕ್ಕಿತು. ಗಂಡಸರಿಗೂ ಸಿಕ್ಕಿತು, ಎಣಿಸಿದೆ.

ಗಂಡಸ್ರಿಗೆ_ಸೀಟ್_ಎಲ್ಲಿ
ಎಣಿಸಿದ್ದಕ್ಕೆ ಥ್ಯಾಂಕ್ಸ್.

ಸಿಲ್ಕ್_ಬೋರ್ಡ್_ಸಂತ
ಸರಿ, ಜನವರಿಯಲ್ಲಿ ನಾನೂ ಹೊರಡ್ತೀನಿ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದು ಬೆಳಗ್ಗೆ ಕುಮಟಾದಲ್ಲಿ ಇಳಿದು ಅದೇ ದಿನ ನಡೆಯಬಹುದಾ?

ಬಲೆ_ಮನೆ
ತಿಥಿ ಯಾವುದು?

ಸಿಲ್ಕ್_ಬೋರ್ಡ್_ಸಂತ
ಶನಿವಾರ.

ಬಲೆ_ಮನೆ
ಅಯ್ಯೋ ದೇವರೇ.

ಗಿರ್ಮಿಟ್_ಹುಬ್ಬಳ್ಳಿ
ಸಂತರೇ, ದಿನಾಂಕ ಹೇಳಿ, ಚಿಗವ್ವನ ಹತ್ತಿರ ಕೇಳಿ ಹೇಳ್ತೀನಿ. ಕ್ಯಾಲೆಂಡರ್ ಇನ್ನೂ ಗೋಡೆಗೆ ವಾಪಸ್ ಹೋಗಿಲ್ಲ. ಮುಂದಿನ ಸಲಕ್ಕೆ ಕಾಪು–ಮಲ್ಪೆ ಅಂತ ಗುರುತು ಹಾಕುತ್ತಿದ್ದಾಳೆ. ಟಿಕೆಟ್ ದುಡ್ಡು ಕೊಡಬೇಕಾಗುತ್ತೆ ಅಂತ ಇನ್ನೂ ಹೇಳಿಲ್ಲ.